ಅವ್ವಣ್ಣ ತಂದ ಹಿಟ್ಟಿನ ಅಚ್ಚು

ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧ ಜನಕ್ಕೆ ತಮಗೇನು ಬೇಕೆಂಬುದೇ ಗೊತ್ತಿರುವುದಿಲ್ಲ, ಉಳಿದರ್ಧ ಜನ ಗೊತ್ತಿದೆ ಅಂದುಕೊಂಡು ತಪ್ಪು ಸಾಮಾನು ಒಯ್ಯುತ್ತಾರೆ. ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಗಳ ನಡುವೆ ಒಂದು ಹತ್ಯಾರದ ಅಂಗಡಿ. ಅದರ ಕೌಂಟರಿನಲ್ಲಿ ನಾನು ಹದಿನೆಂಟು ವರ್ಷದಿಂದ ನಿಂತಿದ್ದೇನೆ. ಮಾಲೀಕರು ಬೆಳಿಗ್ಗೆ ಬಂದು ದೀಪ ಹಚ್ಚಿ ಹೋಗುತ್ತಾರೆ, ಆಮೇಲೆ ಅಂಗಡಿ ನನ್ನದೇ. ಸ್ಕ್ರೂಡ್ರೈವರಿನ ತುದಿಗೆ ಸಿಕ್ಕಿಸುವ ಬಿಟ್ ಕೇಳಿಕೊಂಡು ಬಂದವರ ಮೇಲಂತೂ ನನಗೆ ಬೇಗ ಸಿಟ್ಟು ಬರುತ್ತದೆ. ನೂರು ಬಿಟ್ ಇರುವ ದೊಡ್ಡ ಡಬ್ಬಿಯೇ ಬೇಕು ಅನ್ನುತ್ತಾರೆ. ಆ ನೂರರಲ್ಲಿ ತೊಂಬತ್ತು ಅವರು ಸಾಯುವ ತನಕ ಡಬ್ಬಿಯಿಂದ ಹೊರಗೆ ಬರುವುದಿಲ್ಲ. ಡಬ್ಬಿ ನೋಡಿ ಕೊಳ್ಳಬೇಡಿ, ಬಿಚ್ಚಬೇಕಾದ ಸ್ಕ್ರೂವಿನ ತಲೆ ನೋಡಿ ಕೊಳ್ಳಿ ಎಂದು ರೇಗುತ್ತೇನೆ. ಎಷ್ಟು ಮೂಲೆ ಇದೆ? ಗುಳಿಯ ನಡುವೆ ಮೊಳೆಯಂಥದ್ದು ಎದ್ದಿದೆಯೋ ಇಲ್ಲವೋ? ಎದ್ದಿದ್ದರೆ ತುದಿಯಲ್ಲಿ ತೂತಿರುವ ಬಿಟ್ಟೇ ಆಗಬೇಕು. ಮೂರು ದಳದ್ದು, ಎರಡು ಕಣ್ಣಿನದು, ಆರು ಮೂಲೆಯ ನಕ್ಷತ್ರದಂಥ ಚಾಂದಣಿ, ಇವೆಲ್ಲ ಕಂಡಕಂಡವರು ಬಿಚ್ಚಬಾರದು ಅಂತಲೇ ಮಾಡಿದ ತಲೆಗಳು. ಅಳತೆ ಕೂದಲೆಳೆಯಷ್ಟು ಸಣ್ಣದಾದರೂ ಬಿಟ್ ಒಳಗೇ ತಿರುಗಿ ಸ್ಕ್ರೂವಿನ ಗುಳಿಯನ್ನು ಕೆಡಿಸಿಬಿಡುತ್ತದೆ. ಆಮೇಲೆ ಬ್ರಹ್ಮ ಬಂದರೂ ಅದನ್ನು ಬಿಚ್ಚಲಾರ.

ಇಷ್ಟೆಲ್ಲ ನನಗೆ ಗೊತ್ತು ಎಂಬ ಜಂಬ ನನಗಿತ್ತು. ಅವ್ವಣ್ಣನವರ ವಿಷಯ ಹೇಳಹೊರಟರೂ ಮೊದಲು ಬಾಯಿಗೆ ಬಂದದ್ದು ಆ ಜಂಬವೇ, ನೋಡಿ. ನಾಚಿಕೆಯಾಗುತ್ತದೆ.

ಅವರು ಮೊದಲ ಸಲ ಬಂದದ್ದು ಕಳೆದ ಬೇಸಿಗೆಯ ಶುರುವಿನಲ್ಲಿ. ಅರವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಬಿಳಿ ಪೈಜಾಮ, ತಲೆಗೆ ಟೊಪ್ಪಿಗೆ. ಎಡಗೈ ಮಣಿಕಟ್ಟು ತಿರುಗುತ್ತಿರಲಿಲ್ಲ. ಕಟ್ಟಡದ ಕೆಲಸ ಮಾಡಿದ ಮೈ ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕೌಂಟರಿನ ಮುಂದೆ ಆಗ ದೊಡ್ಡ ಕಂಪನಿಯೊಂದರ ಇಬ್ಬರು ಖರೀದಿ ಸಾಹೇಬರು ನಿಂತಿದ್ದರು.

"ಚಾಂದಣಿ ಪೇಚಕಸ ಬೇಕಾಗಿತ್ರಿ. ನಡುವ ಒಂದು ಮಳಿ ಇರ್ತದಲ್ರಿ, ಅದಕ್ಕ ಕೂಡೋದು" ಎಂದು ಅಪ್ಪಟ ಸುರಪುರದ ಕಡೆಯ ಕನ್ನಡದಲ್ಲಿ ಸ್ಕ್ರೂಡ್ರೈವರ್ ಕೇಳಿದರು.

ನನ್ನ ಅಪ್ಪನ ಊರೂ ಅದೇ ಕಡೆ. ನಮ್ಮ ಮನೆಯಲ್ಲಿ ಇವತ್ತಿಗೂ ಅದೇ ಮಾತು. ಆದರೆ ಅಂಗಡಿಯಲ್ಲಿ ನಾನು ಕನ್ನಡ ಆಡುವವನಲ್ಲ. ಆಡಿದರೆ ಸಾಹೇಬರ ಕಣ್ಣಿಗೆ ನಾನೂ ಕಟ್ಟಡದಲ್ಲಿ ಬುಟ್ಟಿ ಹೊರುವವರ ಪೈಕಿ ಎಂದು ಕಂಡೇನು ಎಂಬ ಹೆದರಿಕೆ. ಅಪ್ಪ ಬುಟ್ಟಿ ಹೊತ್ತು ಹಾಕಿದ ಅನ್ನ ತಿಂದೇ ಬೆಳೆದವನು, ಆದರೂ ಈ ಹೆದರಿಕೆ. ಕನ್ನಡ ತಿಳಿಯದವನಂತೆ ಮುಖ ಮಾಡಿ, ಆ ಸ್ಕ್ರೂ ತೆಗೆದುಕೊಂಡು ಬಾ, ಆಮೇಲೆ ನೋಡೋಣ ಎಂದು ಮರಾಠಿಯಲ್ಲಿ ಏಕವಚನದಲ್ಲೇ ಹೇಳಿದೆ. ಅವರು ತಮ್ಮ ಹರಕುಮುರುಕು ಮರಾಠಿಯಲ್ಲಿ, "ಸ್ಕ್ರೂ ನನ್ನ ಕೈಯಿಂದ ಬರುವಂತಿದ್ದರೆ ನಿಮ್ಮ ಅಂಗಡಿಗೆ ಯಾಕೆ ಬರುತ್ತಿದ್ದೆ ಸಾಹೇಬ?" ಎಂದರು. ಖರೀದಿ ಸಾಹೇಬರಿಬ್ಬರೂ ನಕ್ಕರು. ಅವ್ವಣ್ಣ ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ, ಆದರೆ ನನಗೆ ಚುಚ್ಚಿತು.

ನಾಲ್ಕು ದಿನದ ಮೇಲೆ ಮತ್ತೆ ಬಂದರು. ಈ ಸಲ ಕೈಯಲ್ಲಿ ಒಂದು ಸ್ಟೀಲಿನ ಊಟದ ಡಬ್ಬಿಯ ಮುಚ್ಚಳ, ಅದರೊಳಗೆ ಲಿಂಬೆಹಣ್ಣಿನಷ್ಟು ಚಪಾತಿ ಹಿಟ್ಟು. ಹಿಟ್ಟನ್ನು ಸ್ಕ್ರೂವಿನ ತಲೆಗೆ ಒತ್ತಿ ಅದರ ಅಚ್ಚು ತೆಗೆದುಕೊಂಡು ಬಂದಿದ್ದರು! ಒಣಗಬಾರದೆಂದು ಮೇಲೆ ಒದ್ದೆ ಬಟ್ಟೆ ಹೊದಿಸಿದ್ದರು. ಸ್ಕ್ರೂವಿನ ಗುಳಿ ಹಿಟ್ಟಿನಲ್ಲಿ ಉಬ್ಬಿಕೊಂಡು ನಿಂತಿತ್ತು: ಐದು ಮೂಲೆ, ನಡುವೆ ಸಾಸಿವೆ ಕಾಳಿನಷ್ಟು ತೂತು. ಮೂವತ್ತು ವರ್ಷ ಕಟ್ಟಡಗಳಿಗೆ ಕಬ್ಬಿಣದ ಸಲಾಕಿ ಕಟ್ಟಿದ ಮನುಷ್ಯ ಅವರು. ಬಾಯಿಂದ ವರ್ಣಿಸುವುದಕ್ಕಿಂತ ಅಳತೆ ತಂದು ಮುಂದಿಡುವುದೇ ಅವರ ರೂಢಿ. ಅಂಥ ಜಾಣತನವನ್ನು ಹದಿನೆಂಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಮುಂದೆ ತೋರಿಸಿರಲಿಲ್ಲ.

ಮೆಚ್ಚಬೇಕಾಗಿತ್ತು. ನನಗೆ ಮಾತ್ರ ಸಾಬೂನಿನಲ್ಲಿ ಬೀಗದ ಕೈ ಒತ್ತಿಕೊಂಡು ಹೋಗುವ ಕಳ್ಳರು ನೆನಪಾದರು. ಅದಕ್ಕೊಂದು ಕಾರಣವೂ ಇತ್ತು. ಆ ಐದು ಮೂಲೆಯ ಸ್ಕ್ರೂ ನಾನೇ ಆರಿಸಿಕೊಟ್ಟದ್ದು. ಗಲ್ಲಿಗಳ ಸಾರ್ವಜನಿಕ ಸಂಡಾಸಗಳನ್ನು ನೋಡಿಕೊಳ್ಳುವ ಒಬ್ಬ ಗುತ್ತಿಗೆದಾರನಿದ್ದಾನೆ. ಅವನ ಸುಪರ್ವೈಸರ್ ಮಿಥುನ ನಮ್ಮ ಖಾಯಂ ಗಿರಾಕಿ. ಚಿಲಕ, ನಲ್ಲಿ ಎಲ್ಲ ಕದ್ದು ಗುಜರಿಗೆ ಹಾಕುತ್ತಾರೆ ಎಂದು ಅವನು ಗೋಳಾಡಿದಾಗ, ಆರು ಮೂಲೆಯದು ಬೇಡ, ಅದರ ಬಿಟ್ ಎಲ್ಲರ ಡಬ್ಬಿಯಲ್ಲೂ ಇರುತ್ತದೆ, ಐದು ಮೂಲೆಯದು ಹಾಕು, ಪುಣೆಯ ಯಾವ ಕಳ್ಳನೂ ಬಿಚ್ಚಲಾರ ಎಂದು ಎದೆಯುಬ್ಬಿಸಿ ಹೇಳಿದ್ದೆ.

"ಇದು ಎಲ್ಲಿಯ ಸ್ಕ್ರೂ?" ಎಂದು ಕೇಳಿದೆ, ಮತ್ತೆ ಮರಾಠಿಯಲ್ಲಿ.

ಅವ್ವಣ್ಣ ಕೌಂಟರಿನ ಗಾಜನ್ನು ನೋಡುತ್ತ, "ಮನೀ ಕೆಲಸರಿ" ಎಂದರು.

"ಮನೆಯಲ್ಲಿ ಇಂಥ ಸ್ಕ್ರೂ ಯಾರು ಹಾಕಿಸುತ್ತಾರೆ? ಚೋರಿ ಕರಾಯಚೀ ಆಹೇ ಕಾ?" ಎಂದೆ.

ಕಳ್ಳತನ ಮಾಡಬೇಕೆಂದಿದ್ದೀಯಾ ಎಂದು ನಾಲ್ಕು ಜನ ಗಿರಾಕಿಗಳ ಎದುರು, ಗಂಟಲು ಎತ್ತರಿಸಿ ಕೇಳಿದೆ. ಅವರ ಮುಖ ಕಪ್ಪಿಟ್ಟಿತು. ಮುಚ್ಚಳದ ಮೇಲೆ ಒದ್ದೆ ಬಟ್ಟೆಯನ್ನು ಮೊದಲಿನಂತೆಯೇ ಹೊದಿಸಿ, "ನಮಸ್ಕಾರ್ರಿ" ಎಂದು ಹೋದರು. ಬೈಸಿಕೊಂಡ ಮನುಷ್ಯ ಹೋಗುವಾಗ ನಮಸ್ಕಾರ ಹೇಳುತ್ತಾನೆಂದರೆ ಅವನು ಕಳ್ಳನಲ್ಲ ಅಂತ ಅಲ್ಲಿಯೇ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಅದೇ ಸಂಜೆ ಮಿಥುನ ಬಂದಾಗ ಹಿಟ್ಟಿನ ಕತೆಯನ್ನು ಉಪ್ಪು ಖಾರ ಹಚ್ಚಿ ಹೇಳಿ, "ಟೊಪ್ಪಿಗೆ ಮುದುಕ, ಎಡಗೈ ಸೆಟೆದುಕೊಂಡಿದೆ, ಮೈಮೇಲೆ ಎಚ್ಚರ ಇರಲಿ" ಎಂದು ಗುರುತೂ ಕೊಟ್ಟೆ.

ವಾರ ಕಳೆದಿರಲಿಲ್ಲ, ಮಿಥುನ ನಗುತ್ತ ಬಂದು ನಿಮ್ಮ ಕಳ್ಳ ಸಿಕ್ಕಿಬಿದ್ದ ಎಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಹೆಂಗಸರ ಸಂಡಾಸದ ಬಾಗಿಲಲ್ಲಿ ಅವ್ವಣ್ಣ ನಿಂತಿದ್ದರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಉಳಿ. ಸುತ್ತ ಇಪ್ಪತ್ತು ಮೂವತ್ತು ಗಂಡಸರು. ಅವ್ವಣ್ಣ ನೆಲ ನೋಡುತ್ತಿದ್ದರು. ಗಲ್ಲಿಯ ವಾಟ್ಸಾಪ್ ಗುಂಪಿಗೆಲ್ಲ ಆ ಫೋಟೋ ಹೋಗಿತ್ತಂತೆ. ಚಿಲಕ ಕದಿಯಲು ಬಂದಿದ್ದ ಎಂದು ಕೆಲವರು, ಬಾಗಿಲಿಗೆ ತೂತು ಕೊರೆದು ಇಣುಕಲು ಬಂದಿದ್ದ ಎಂದು ಕೆಲವರು. ಎಷ್ಟು ಕೇಳಿದರೂ ಮುದುಕ ಬಾಯಿಯೇ ಬಿಡಲಿಲ್ಲ ಎಂದ ಮಿಥುನ. ಅವನು ತರಿಸಿದ ಚಹಾ ನಾನು ಕುಡಿದೆ.

ಇದಾಗಿ ಎರಡು ವಾರಕ್ಕೆ ಒಂದು ಗುರುವಾರ, ಮೂವತ್ತರೊಳಗಿನ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ಗುರುವಾರ ನಮ್ಮ ಕಡೆ ಕಾರ್ಖಾನೆಗಳಿಗೆ ರಜೆ, ಅಂಗಡಿ ಮಧ್ಯಾಹ್ನದ ತನಕ ಮಾತ್ರ. ಯಾರೂ ಇರಲಿಲ್ಲ. ಮುಖ ಜಜ್ಜಿಹೋದ ಒಂದು ಸ್ಕ್ರೂವನ್ನು ಗಾಜಿನ ಮೇಲಿಟ್ಟು, ನೇರ ಕನ್ನಡದಲ್ಲಿ ಮಾತಾಡಿದಳು.

"ಅಣ್ಣಾರ, ಇದಕ್ಕ ಕೂಡೋ ಬಿಟ್ ಕೊಡ್ರಿ. ಇಂಥವು ಇನ್ನಾ ಮೂರ ಅವ."

ಅವಳು ಅವ್ವಣ್ಣನವರ ಸೊಸೆ ಭಾಗ್ಯಾ. ನಾನು ಕನ್ನಡದವನೆಂದು ಯಾರು ಹೇಳಿದರು ಎಂದು ಕೇಳಿದೆ. ಬಾಯಿ ತಪ್ಪಿ ಕನ್ನಡದಲ್ಲೇ ಕೇಳಿದೆ.

"ನಮ್ಮ ಮಾವಾರು ಹೇಳಿದ್ರಿ. ನಿಮ್ಮ ಅಪ್ಪಾರು, ಅವರು ಒಂದೇ ಸೈಟಿನ್ಯಾಗ ದುಡದಿದ್ರಂತ. ನಿಮ್ಮ ಮಾರಿ ನೋಡಿದ ಕೂಡಲೇ ಗುರ್ತ ಹತ್ತಿತಂತ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ದೊಡ್ಡ ಅಂಗಡ್ಯಾಗ ನಿಂತಾನ, ಮಂದಿ ಮುಂದ ಗುರ್ತ ತಗದು ಅವನಿಗಿ ಸಣ್ಣಾವ ಮಾಡೂದು ಬ್ಯಾಡ ಅಂತ ಸುಮ್ಮನಾದ್ರಂತರಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೂತುಕೋ ತಾಯಿ ಎಂದು ಸ್ಟೂಲು ಕೊಟ್ಟೆ. ಅವಳು ಕೂಡಲಿಲ್ಲ, ನಿಂತೇ ಎಲ್ಲ ಹೇಳಿದಳು.

ಅವರ ಗಲ್ಲಿಯ ಸಂಡಾಸದ ಬಾಗಿಲುಗಳು ಜೋತುಬಿದ್ದು, ಚಿಲಕ ಚೌಕಟ್ಟಿನ ತೂತಿಗಿಂತ ಎರಡು ಬೆರಳು ಕೆಳಗಿಳಿದಿತ್ತು. ಬಾಗಿಲು ಹಾಕಲು ಬರುತ್ತಿತ್ತು, ಚಿಲಕ ಬೀಳುತ್ತಿರಲಿಲ್ಲ. ಚಿಲಕ ಬಿಚ್ಚಿ ಮೇಲಕ್ಕೆ ಏರಿಸಿದರೆ ಮುಗಿಯುವ ಕೆಲಸ. ಆದರೆ ಸ್ಕ್ರೂ ಬಿಚ್ಚುವ ಹತ್ಯಾರ ಗುತ್ತಿಗೆದಾರನ ಹತ್ತಿರ ಮಾತ್ರ, ಅವನು ನಾಳೆ ಬಾ ಅನ್ನುತ್ತಲೇ ಮೂರು ತಿಂಗಳು ದೂಡಿದ್ದ. ಹೆಂಗಸರು ಒಂದು ಕೈಯಿಂದ ಬಾಗಿಲು ಎಳೆದು ಹಿಡಿದೇ ಕೂಡಬೇಕು. ಭಾಗ್ಯಾಳಿಗೆ ಪ್ಯಾಕಿಂಗ್ ಕಂಪನಿಯಲ್ಲಿ ಮೊದಲ ಪಾಳಿ, ಎಲ್ಲರಿಗಿಂತ ಮುಂಚೆ ಒಬ್ಬಳೇ ಹೋಗಬೇಕು. ಒಂದು ಬೆಳಿಗ್ಗೆ ಯಾವನೋ ಹೊರಗಿನಿಂದ ಬಾಗಿಲು ಎಳೆದ. ಇವಳು ಒಳಗಿನಿಂದ ಎರಡೂ ಕೈಯಲ್ಲಿ ಹಿಡಿದು ಚೀರಿಕೊಂಡ ಮೇಲೆ ಓಡಿದ. ಮನೆಗೆ ಬಂದು ಪಕ್ಕದ ಮನೆಯ ಮುನಿಯಮ್ಮನ ಹತ್ತಿರ ಅತ್ತಳು. ತಗಡಿನ ಗೋಡೆ, ಆಚೆ ಇದ್ದ ಮಾವನ ಕಿವಿಗೆ ಬಿತ್ತು.

ನಮ್ಮ ಜನದಲ್ಲಿ ಮಾವ ಸೊಸೆ ಇಂಥದ್ದನ್ನು ಎದುರು ನಿಂತು ಮಾತಾಡುವುದಿಲ್ಲ. ಅವ್ವಣ್ಣನೂ ಮಾತಾಡಲಿಲ್ಲ. ಮರುದಿನದಿಂದ ಅವಳು ಎದ್ದು ಹೊರಡುವ ಹೊತ್ತಿಗೆ ತಾವೂ ಎದ್ದು, ಬೀಡಿ ಹಚ್ಚಿಕೊಂಡು, ಸಂಡಾಸದ ತಿರುವಿನಲ್ಲಿ ರಸ್ತೆಯ ಕಡೆ ಮುಖಮಾಡಿ ನಿಂತು ಕೆಮ್ಮತೊಡಗಿದರು. ಇಲ್ಲೊಬ್ಬ ಗಂಡಸಿದ್ದಾನೆ ಎಂದು ಬರುವವರಿಗೆ ಗೊತ್ತಾಗಲಿ ಅಂತ. ಅವಳು ಮನೆಗೆ ಮರಳಿದ ಮೇಲೆ ಕೆಮ್ಮು ನಿಲ್ಲುತ್ತಿತ್ತು. ಗಲ್ಲಿಯ ಹೆಂಗಸರೆಲ್ಲ ಆ ಕೆಮ್ಮು ಕೇಳಿ ತಂಬಿಗೆ ಹಿಡಿದು ಹೊರಡುತ್ತಿದ್ದರಂತೆ.

"ಅವರು ಅಂಗಡಿಗಿ ಬಂದಿದ್ದು ಆ ಚಿಲಕಕ್ಕರಿ. ಎಲ್ಲೂ ಬಿಟ್ ಸಿಗಲಿಲ್ಲ ಅಂತ ಉಳಿ, ಸುತ್ತಿಗಿ ತಗೊಂಡು ಹೋದ್ರು. ಹೆಣ್ಮಕ್ಕಳು ಯಾರೂ ಇರಬಾರದು ಅಂತ ಮಧ್ಯಾಹ್ನ ಹೋದ್ರು. ಒಂದು ಸ್ಕ್ರೂ ತಗದಿದ್ರು, ಅಷ್ಟರಾಗ ಹಿಡದ್ರು."

"ಅಷ್ಟು ಮಂದಿ ಬೈಯುವಾಗ ಇದನ್ನ ಹೇಳಿಬಿಡಬೇಕಾಗಿತ್ತಲ್ಲ?"

ಭಾಗ್ಯಾ ನನ್ನನ್ನು ಏನೂ ತಿಳಿಯದವನಂತೆ ನೋಡಿದಳು. "ಹೆಂಗ ಹೇಳ್ತಾರ್ರಿ? ನನ್ನ ಹೆಸರು ಅಷ್ಟ ಗಂಡಸರ ಬಾಯಾಗ ಹೋಗ್ತಿತ್ತಲ್ಲ."

ಅವಳ ಗಂಡ ಅಂಬಾದಾಸ ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿದ್ದಾನೆ, ವಾರಕ್ಕೊಮ್ಮೆ ಮನೆಗೆ ಬರುವವನು. ಫೋಟೋ ಅವನ ಮೊಬೈಲಿಗೂ ಹೋಯಿತು. ಅಪ್ಪ ಮನೆಯಲ್ಲಿರುವ ತನಕ ಹೊಸ್ತಿಲು ತುಳಿಯುವುದಿಲ್ಲ, ಊರಿಗೆ ಕಳಿಸಿಬಿಡು ಎಂದು ಕೂತಿದ್ದಾನೆ. ಇವಳು ನಿಜ ಹೇಳಿದರೆ, ಮಾವನ ಮಾನ ಮುಚ್ಚಲು ಕತೆ ಕಟ್ಟುತ್ತೀ ಅನ್ನುತ್ತಾನೆ. ಹೆಂಗಸರ ಮಾತೆಲ್ಲ ಅವನಿಗೆ ಒಂದೇ. ಅವ್ವಣ್ಣನವರಿಗೆ ಊರಲ್ಲಿ ಮನೆಯಿಲ್ಲ, ಹೊಲವಿಲ್ಲ, ಹೆಂಡತಿ ಸತ್ತು ಹನ್ನೊಂದು ವರ್ಷ. ಆದರೂ ಬಟ್ಟೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾರಂತೆ.

"ಯಾವ ನಾಯಿ ಆ ಸುಪರ್ವೈಸರಗ ಹೇಳಿತೋ ಅಣ್ಣಾರ, ಅದರ ಬಾಯಾಗ ಹುಳ ಬೀಳ್ಲಿ" ಎಂದು ಶಪಿಸಿದಳು.

ಆ ನಾಯಿ ಅವಳ ಎದುರಿಗೇ ನಿಂತಿತ್ತು. "ನಾನೇ ಬಂದು ಹಾಕಿಕೊಡ್ತೀನಿ ನಡಿಯವ್ವಾ" ಎಂದೆ, ದೊಡ್ಡ ಉಪಕಾರಿಯ ಹಾಗೆ. ಐದು ಮೂಲೆಯ, ತೂತಿರುವ ಬಿಟ್ಟುಗಳ ಸೆಟ್ಟು ಒಳಗಿನ ಕಪಾಟಿನಲ್ಲಿತ್ತು. ಆವತ್ತು ಅವ್ವಣ್ಣ ಬಂದ ದಿನವೂ ಅಲ್ಲೇ ಇತ್ತು.

ಗಲ್ಲಿಯಲ್ಲಿ ರಜೆಯ ದಿನದ ಹೆಂಗಸರೆಲ್ಲ ಇದ್ದರು. ಅವರು ಸಂಡಾಸ ಖಾಲಿ ಮಾಡಿಸಿ ಹೊರಗೆ ಕಾವಲು ನಿಂತರು, ನಾನು ಒಳಗೆ ಹೋದೆ. ಬಾಗಿಲ ಒಳಮೈಯಲ್ಲಿ ಕೈ ಹಿಡಿದು ಹಿಡಿದು ಬಣ್ಣ ಹೋಗಿ ಒಂದು ಕಡೆ ಹೊಳಪು ಬಂದಿತ್ತು. ಮೊದಲು ಹಾಕಿದ ಬಿಟ್ ಸಣ್ಣದಾಗಿ ಜಾರಿತು, ಅದರ ಮುಂದಿನ ಅಳತೆ ಸರಿಯಾಗಿ ಕೂತಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಚಿಲಕ ಮೇಲಕ್ಕೇರಿಸಿ, ಯಾರಿಗಾದರೂ ಬಿಚ್ಚಲು ಬರುವ ಸಾದಾ ಸ್ಕ್ರೂ ಹಾಕಿ, ಪಕ್ಕದ ಬಾಗಿಲನ್ನೂ ಸರಿಮಾಡಿದೆ. ಮುನಿಯಮ್ಮ ಒಳಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ, ಒಳಗಿನಿಂದಲೇ "ಬಿತ್ತಽ ಯವ್ವಾ!" ಎಂದು ಕೂಗಿದಳು. ಹೆಂಗಸರೆಲ್ಲ ನಕ್ಕರು. ನಿಮ್ಮ ಹೊಟ್ಟೆ ತಣ್ಣಗಿರಲಿ, ನಮ್ಮವರು ಅಂತ ಬಂದಿರಿ ಎಂದು ನನ್ನನ್ನು ಹರಸಿದರು. ನಾನು ಕೈಮುಗಿದು ಹರಕೆ ತೆಗೆದುಕೊಂಡೆ. ಅಷ್ಟು ಹೊಲಸು ಕೆಲಸವನ್ನು ನಾನು ಜನ್ಮದಲ್ಲಿ ಮಾಡಿಲ್ಲ, ಮಿಥುನನಿಗೆ ಹೇಳಿದ್ದು ಕೂಡ ಅದರ ಮುಂದೆ ಸಣ್ಣದು.

ಆಮೇಲೆ ಅವ್ವಣ್ಣನವರ ಖೋಲಿಯಲ್ಲಿ ಚಹಾ ಆಯಿತು. ಅವರು ನನ್ನ ಅಪ್ಪನ ವಿಷಯ ತೆಗೆದರು. ಮೂರನೆಯ ಮಹಡಿಯಿಂದ ಬಿದ್ದು ತಮ್ಮ ಮಣಿಕಟ್ಟು ಮುರಿದಾಗ ಅಪ್ಪನೇ ರಿಕ್ಷಾದಲ್ಲಿ ಒಯ್ದದ್ದು, ಸೈಟಿನಲ್ಲಿ ಒಂದೇ ಬುತ್ತಿ ಹಂಚಿಕೊಂಡದ್ದು. ನನ್ನ ಅಂಗಡಿಯ ಮಾತನ್ನು, ಹಿಟ್ಟಿನ ಮಾತನ್ನು ಎತ್ತಲೇ ಇಲ್ಲ. ನಡುನಡುವೆ ಮಾತು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಾನು ಕೈಯಲ್ಲಿದ್ದ ಚಹಾದ ಬಶಿ ನೋಡುತ್ತಿದ್ದೆ. ಹೊರಟಾಗ ಸ್ಕೂಟರ್ ನಿಲ್ಲಿಸಿದ್ದ ರಸ್ತೆಯ ತನಕ ಜತೆಗೆ ಬಂದರು.

"ಹೇಳಿದವರು ನೀವೇ ಅಂತ ನನಗ ಅವತ್ತೇ ಗೊತ್ತಾತರಿ" ಎಂದರು, ದನಿ ಏರಿಸದೆ. "ಆ ಸುಪರ್ವೈಸರ್ 'ಹಿಟ್ಟಿನ್ಯಾಗ ಅಚ್ಚು ತಗೀತೀ ಏನು' ಅಂತಾನೇ ಮೈಮ್ಯಾಲ ಬಂದ. ಹಿಟ್ಟಿಂದು ನಿಮಗ ಬಿಟ್ರ ಯಾರಿಗಿ ಗೊತ್ತಿತ್ತು? ಅದಕ್ಕ ಸಿಟ್ಟಿಲ್ಲ ಬಿಡ್ರಿ, ತಿಳೀದ ಆತು. ಆದರ ಇವತ್ತು ಹೆಣ್ಮಕ್ಕಳ ಮುಂದ ಹೇಳ್ತೀರಂತ ಚಾ ಮುಗಿಯೂ ತನಕ ದಾರಿ ನೋಡ್ದೆ."

"ಹುಷಾರಿ ಹೋಗ್ರಿ" ಎಂದು ಅವರು ಗಲ್ಲಿಯೊಳಗೆ ತಿರುಗಿದರು.

ಸ್ಕೂಟರ್ ಹತ್ತಿ ಹೋಗಿಬಿಡಬಹುದಾಗಿತ್ತು. ಕೀಲಿ ಹಾಕಿದ್ದೆ ಕೂಡ. ಹೋಗಲು ಆಗಲಿಲ್ಲ. ಅವರ ಬೆನ್ನ ಹಿಂದೆಯೇ ನಡೆದು, ನಲ್ಲಿಯ ಹತ್ತಿರ ಕೂತಿದ್ದ ಹೆಂಗಸರ ಮುಂದೆ ನಿಂತು, ಸುಪರ್ವೈಸರನಿಗೆ ಹೇಳಿದ ನಾಯಿ ನಾನೇ ಎಂದೆ. ಆ ಸ್ಕ್ರೂ ಆರಿಸಿಕೊಟ್ಟದ್ದು, ಬಿಟ್ ಇಟ್ಟುಕೊಂಡೂ ಕೊಡದೆ ಕಳ್ಳ ಅಂದದ್ದು, ಫೋಟೋ ನೋಡಿ ಚಹಾ ಕುಡಿದದ್ದು, ಎಲ್ಲ ಹೇಳಿದೆ. ಯಾರಾದರೂ ಬೈದರೆ ಸಾಕಾಗಿತ್ತು. ಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಭಾಗ್ಯಾ ಎದ್ದು ಬಂದಳು. "ನಮಗ್ಯಾಕ ಹೇಳ್ತೀರಿ? ಅವರು ಎಂಥವರಂತ ಇಲ್ಲಿ ಎಲ್ಲಾ ಹೆಣ್ಮಕ್ಕಳಿಗಿ ಗೊತ್ತದ. ಗೊತ್ತಿಲ್ಲದವರಿಗಿ ಹೇಳ್ರಿ. ಈಗಿಂದೀಗ ಹೇಳ್ರಿ" ಎಂದು ಗಂಡನ ನಂಬರು ಹೇಳಿದಳು. ಅಣ್ಣಾರ ಎಂಬ ಮಾತು ಅವಳ ಬಾಯಿಂದ ಹೋಗಿತ್ತು.

ನನ್ನ ಮೊಬೈಲಿನಿಂದಲೇ ಹಚ್ಚಿದೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿಸಿದಳು. ಅಂಬಾದಾಸ ಎತ್ತಿದ, ಹಿಂದೆ ಮೋಟಾರಿನ ಸದ್ದು. ನಾನು ಯಾರು, ಏನು ಮಾಡಿದೆ, ಅವನ ಅಪ್ಪ ಎರಡು ಸಲ ಅಂಗಡಿಗೆ ಬಂದು ಏನು ಕೇಳಿದರು, ಇವತ್ತು ಚಿಲಕ ಹೇಗೆ ಬಿತ್ತು, ಒಂದನ್ನೂ ಬಿಡದೆ ಹೇಳಿದೆ. ಆ ಕಡೆ ಮೋಟಾರಿನ ಸದ್ದು ದೂರಾಯಿತು, ಅವನು ಹೊರಗೆ ಬಂದಿರಬೇಕು.

"ಅಪ್ಪಾ ಅಲ್ಲೇ ಅದಾರೇನ್ರಿ?"

"ಅದಾರ."

"ಅವರಿಗಿ ಕೊಡ್ರಿ."

ಅವ್ವಣ್ಣ ತಮ್ಮ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು. ನಾನು ಹತ್ತಿರ ಹೋಗಿ ಮೊಬೈಲು ಚಾಚಿದೆ. ಅವರು ಕೈ ನೀಡಲಿಲ್ಲ.

"ಮಾತಾಡ್ರಿ ಮಾವಾರ" ಎಂದಳು ಭಾಗ್ಯಾ, ಅಳು ಬಂದು.

"ಏನಂತ ಮಾತಾಡ್ಲಿ?" ಎಂದರು ಅವ್ವಣ್ಣ. "ಮನೀ ಹೆಣ್ಣಮಗಳು ಹೇಳಿದ್ದು ನಂಬಲಿಲ್ಲ. ನನಗ ಒಂದು ಮಾತು ಕೇಳಲಿಲ್ಲ. ಅಂಗಡಿಯಾಂವ ಹೇಳಿದ ಮ್ಯಾಲ ನಂಬೂದಕ್ಕ ಮಗಾನೇ ಬೇಕೇನವ್ವಾ? ಅದನ್ನ ಯಾರು ಬೇಕಾದವರು ನಂಬ್ತಾರ."

ಗಂಟನ್ನು ಎತ್ತಿಕೊಂಡು ಅವರು ಒಳಗೆ ಹೋದರು. ಊರಿಗೆ ಹೊರಡಲಿಕ್ಕೋ, ಬಿಚ್ಚಿಡಲಿಕ್ಕೋ ಗೊತ್ತಾಗಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ನನ್ನ ಚಾಚಿದ ಕೈಯಲ್ಲಿ ಮೊಬೈಲು ಹಾಗೆಯೇ ಇತ್ತು. ಅದರೊಳಗಿನಿಂದ ಆ ಗಂಡಸು "ಅಪ್ಪಾ, ಅಪ್ಪಾ" ಅನ್ನುತ್ತಲೇ ಇದ್ದ, ಇಡೀ ಗಲ್ಲಿ ಕೇಳುತ್ತಿತ್ತು, ನನಗೆ ಅದನ್ನು ಕಿವಿಗೆ ಹಿಡಿಯಲೂ ಆಗಲಿಲ್ಲ, ನಿಲ್ಲಿಸಲೂ ಆಗಲಿಲ್ಲ.